ಸೀದ ಮಗ್ಗುಲು

ನಮ್ಮ ಅಂಗಡಿಯಲ್ಲಿ ಸಿಗುವುದು ಎರಡೇ: ಫ್ರೆಂಚ್ ಟೋಸ್ಟ್ ಮತ್ತು ಚಹಾ. ಮೂರನೆಯದನ್ನು ಕೇಳಿದವರಿಗೆ ಚಿಕ್ಕಮ್ಮ, "ಎದುರಿಗೇ ಬಸ್ ಡಿಪೋ ಇದೆ. ಬಸ್ ಹತ್ತಿ, ಎಲ್ಲಿ ಸಿಗುತ್ತೋ ಅಲ್ಲಿ ಇಳ್ಕೊಳ್ಳಿ" ಎನ್ನುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಇದೇ ಮಾತು. ನಾಲ್ಕು ಮೇಜು, ಒಂದು ಕಾವಲಿ, ಕಾವಲಿಯ ಮೇಲೊಂದು ಬಲ್ಬು, ಹಿಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ಡಿಪೋದವರ ಅಂಗಿಗೆ ಗುಂಡಿ ಹಚ್ಚುವುದು ನನ್ನ ಕೆಲಸ. ಬೆಳಗ್ಗೆ ಏಳರಿಂದ ಹತ್ತರವರೆಗೆ ಮಾತ್ರ ನಾನು ಅವಳ ಆಳು. ತಟ್ಟೆ ಇಡುತ್ತೇನೆ, ತಟ್ಟೆ ತೆಗೆಯುತ್ತೇನೆ, ನಡುವೆ ಬೈಸಿಕೊಳ್ಳುತ್ತೇನೆ.

ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಅಮ್ಮನ ಈ ತಂಗಿ ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದು ಕೈಯಲ್ಲಿ ಸಟ್ಟುಗವನ್ನೂ ಹಿಡಿದವಳು, ಎರಡನ್ನೂ ಬಿಟ್ಟಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಡಿಪೋದವರೆಲ್ಲ ಆಡಿಕೊಳ್ಳುತ್ತಾರೆ. ಬಂದದ್ದು ಅವಳಿಂದಲೇ. ಅವಳದು ಸಟ್ಟುಗದ ತುದಿಯಲ್ಲಿದೆ, ಅಷ್ಟೇ ವ್ಯತ್ಯಾಸ.

ಚಿಕ್ಕಮ್ಮ ಟೋಸ್ಟ್ ಮಾಡುವುದನ್ನು ನೋಡಬೇಕು. ತಾಜಾ ಬ್ರೆಡ್ಡನ್ನು ಅವಳು ಹತ್ತಿರ ಸೇರಿಸುವುದಿಲ್ಲ. "ತಾಜಾ ಬ್ರೆಡ್ಡು ಹೊಸ ಅಳಿಯ ಇದ್ದ ಹಾಗೆ, ಮುಟ್ಟಿದ್ರೆ ಕುಸಿದು ಬೀಳುತ್ತೆ" ಎನ್ನುತ್ತಾಳೆ. ಹಿಂದಿನ ದಿನದ್ದನ್ನೇ ಹೆಬ್ಬೆರಳ ದಪ್ಪಕ್ಕೆ ಕೊಯ್ದು, ತೆಳು ಬಟ್ಟೆ ಹೊದಿಸಿ ಗಾಳಿಗೆ ಇಟ್ಟಿರುತ್ತಾಳೆ. ಅಗಲ ಬಟ್ಟಲಲ್ಲಿ ಮೊಟ್ಟೆ, ಹಾಲು, ಸಕ್ಕರೆ, ಚಿಟಿಕೆ ಉಪ್ಪು, ಚಕ್ಕೆಪುಡಿ. ಎಂಟು ಎಣಿಸುವಷ್ಟು ಹೊತ್ತು ಒಂದು ಮಗ್ಗುಲು, ಎಂಟು ಎಣಿಸುವಷ್ಟು ಹೊತ್ತು ಇನ್ನೊಂದು ಮಗ್ಗುಲು. ಹಿಂಡುವ ಹಾಗಿಲ್ಲ, ಎತ್ತಿ ಹಿಡಿದು, ತಾನಾಗಿ ತೊಟ್ಟಿಕ್ಕುವುದು ನಿಂತ ಮೇಲೆ ಬೆಣ್ಣೆ ನೊರೆಗಟ್ಟಿದ ಕಾವಲಿಗೆ ಇಳಿಸಬೇಕು. ಆಮೇಲೆ ಅವಳು ಬಗ್ಗಿ ಬ್ರೆಡ್ಡಿನ ಅಂಚನ್ನೇ ನೋಡುತ್ತಾಳೆ. ಅಂಚಿನ ಬುಡ ಜೇನಿನ ಬಣ್ಣಕ್ಕೆ ಬಂತೋ, ಮಗುಚಬೇಕು. ಎರಡನೇ ಮಗ್ಗುಲಿಗೆ ಬಣ್ಣ ನೋಡಬೇಕಿಲ್ಲ, ಇಪ್ಪತ್ತು ಎಣಿಸಿದರೆ ಸಾಕು. ತಟ್ಟೆಗೆ ಬಂದದ್ದನ್ನು ಮುರಿದರೆ ಹೊರಗೆ ಕರುಮ್ ಎನ್ನುತ್ತದೆ, ಒಳಗೆ ಹತ್ತಿಯ ಹಾಗೆ ಮೆತ್ತಗಿರುತ್ತದೆ. ಮೇಲೆ ಸಕ್ಕರೆ ಉದುರಿಸಿದರೆ ಬಿಸಿಗೆ ಅರ್ಧ ಕರಗಿ ಅರ್ಧ ಉಳಿದಿರುತ್ತದೆ. ಅದನ್ನು ತಿನ್ನುವಾಗ ಬಸ್ಸು ತಪ್ಪಿಸಿಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವಳು ಮಾತ್ರ ತಿನ್ನುವುದಿಲ್ಲ. ಮಾಡುವವಳು ಮಾರುವುದನ್ನು ತಿನ್ನಬಾರದು, ತಿಂದರೆ ಕೈ ಜಿಪುಣವಾಗುತ್ತದೆ ಎಂಬುದು ಅವಳದೇ ಕಾನೂನು. ಚಹಾದಲ್ಲಿ ಎರಡು ಬಿಸ್ಕತ್ತು ಅದ್ದಿ ತಿಂದರೆ ಅವಳ ಬೆಳಗಿನ ತಿಂಡಿ ಮುಗಿಯಿತು.

ಆರು ತಿಂಗಳ ಹಿಂದೆ ಟೋಸ್ಟ್ ಸೀಯತೊಡಗಿತು. ಮೊದಲು ವಾರಕ್ಕೆ ಒಂದು, ಆಮೇಲೆ ದಿನಕ್ಕೆ ನಾಲ್ಕು, ಆಮೇಲೆ ಎಲ್ಲವೂ. ಬಣ್ಣ ನೋಡಿ ಮಗುಚುವ ಮೊದಲ ಮಗ್ಗುಲೇ ಸೀಯುತ್ತಿತ್ತು. ಎಣಿಸಿ ಬೇಯಿಸುವ ಎರಡನೆಯದು ಚಿನ್ನದ ಹಾಗಿರುತ್ತಿತ್ತು. ಅವಳಿಗೆ ಜೇನಿನ ಬಣ್ಣವೂ ಇದ್ದಿಲ ಬಣ್ಣವೂ ಒಂದೇ ಆಗಿಬಿಟ್ಟಿತ್ತು. ಹೊಗೆಯನ್ನೂ ಸೀದ ವಾಸನೆಯನ್ನೂ ಡಿಪೋದ ಬಸ್ಸುಗಳ ಲೆಕ್ಕಕ್ಕೆ ಬರೆದಳು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ಬಲ್ಬು ಸರಿಯಿಲ್ಲ ಎಂದು ಮೂರು ಬಲ್ಬು ಬದಲಿಸಿದಳು.

ನಾವು ಯಾರೂ ತುಟಿ ಬಿಚ್ಚಲಿಲ್ಲ. ದಿನವೂ ಮೊದಲ ಮೇಜಿಗೆ ಬರುವವನು ಡಿಪೋದ ಮೆಕ್ಯಾನಿಕ್, ಎಲ್ಲರ ಬಾಯಲ್ಲೂ ಸ್ಪ್ಯಾನರ್ ಮಾಮ. ಅವನು ತಟ್ಟೆಯನ್ನು ಮೇಜಿನ ಕೆಳಗೆ ತೊಡೆಯ ಮೇಲೆ ಇಟ್ಟುಕೊಂಡು ಚಾಕುವಿನ ಬೆನ್ನಿನಿಂದ ಕಪ್ಪನ್ನು ಕೆರೆಯುತ್ತಿದ್ದ. ಕೆರೆಯುವ ಸದ್ದು ಕೇಳಿಸದಿರಲಿ ಎಂದು ಒಂದೊಂದು ಕೆರೆತಕ್ಕೂ ಒಂದೊಂದು ಸಲ ಕೆಮ್ಮುತ್ತಿದ್ದ. ಚಿಕ್ಕಮ್ಮನಿಗೆ ಅವನ ಎದೆಯ ಬಗ್ಗೆ ಚಿಂತೆ ಹತ್ತಿತು. ಕೆಮ್ಮಿನ ಔಷಧಿ ತರಿಸಿ, ಎದುರಿಗೇ ನಿಂತು ದಿನಕ್ಕೆರಡು ಚಮಚ ಕುಡಿಸತೊಡಗಿದಳು. ಆ ಪುಣ್ಯಾತ್ಮ ಕೆಮ್ಮಿಲ್ಲದೆ ಮೂರು ಬಾಟಲಿ ಕುಡಿದ.

ಎರಡನೇ ಮೇಜು ಹೆಡ್‌ಮಿಸ್ಸಿನದು. ಆರು ನೂರು ಮಕ್ಕಳನ್ನು ಒಂದು ಹುಬ್ಬಿನಲ್ಲಿ ಸುಮ್ಮನಿರಿಸುವ ಹೆಂಗಸು. ಆಕೆ ಸೀದ ಪದರವನ್ನು ನಾಜೂಕಾಗಿ ಬಿಡಿಸಿ, ಹಳೆಯ ಲಕೋಟೆಯೊಳಗೆ ಹಾಕಿ ಚೀಲಕ್ಕೆ ಸೇರಿಸಿ ಒಯ್ಯುತ್ತಿದ್ದರು. ನಾನೋ, ತಟ್ಟೆಗಳನ್ನು ತೊಳೆಯುವ ತೊಟ್ಟಿಗೆ ಹಾಕುವ ಮುನ್ನ ಕಪ್ಪು ಚೂರುಗಳನ್ನೆಲ್ಲ ಒರೆಸಿಬಿಡುತ್ತಿದ್ದೆ. ತೊಳೆಯುವ ಚಿಕ್ಕಮ್ಮನ ಬೆರಳಿಗೆ ಒಂದು ಚೂರು ತಾಗಿದರೂ ಗುಟ್ಟು ರಟ್ಟಾಗುತ್ತಿತ್ತು.

ಅಂತೂ ಕಾಡಿ ಬೇಡಿ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದನ್ನಾದರೂ ಈ ತಿಂಗಳೊಳಗೆ ತೆಗೆಸಿ, ಇನ್ನೂ ಬಲಿತು ಗಟ್ಟಿಯಾದರೆ ಆಪರೇಷನ್ ಕಷ್ಟ ಎಂದರು ಅವರು. ತೆಗೆದ ಮೇಲೆ ಎರಡು ವಾರ ಒಲೆಯ ಮುಂದೆ ನಿಲ್ಲಬಾರದು ಎಂದೂ ಸೇರಿಸಿದರು. ಚಿಕ್ಕಮ್ಮ ಅಲ್ಲಿಯೇ ಎದ್ದು ನಿಂತಳು.

"ಎರಡು ವಾರ ಕಾವಲಿ ಮುಂದೆ ಯಾರು ನಿಲ್ತಾರೆ?" ಎಂದಳು ರಸ್ತೆಗೆ ಬಂದ ಮೇಲೆ.

"ನಾನು ನಿಲ್ತೀನಿ."

"ನೀನಾ? ಬ್ರೆಡ್ಡನ್ನ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡ್ತೀಯ."

"ಅದು ನಾನು ಹನ್ನೆರಡು ವರ್ಷದವಳಿದ್ದಾಗ ಮಾಡಿದ್ದು ಚಿಕ್ಕಮ್ಮ! ಒಂದೇ ಒಂದು ಸಲ!"

"ನೋಡು, ನನ್ನ ಕಣ್ಣು ಮಂಜಾಗಿರಬಹುದು, ಕೈ ಮಂಜಾಗಿಲ್ಲ. ಟೋಸ್ಟ್ ಬಗ್ಗೆ ಇವತ್ತಿನ ತನಕ ಒಬ್ಬರಾದ್ರೂ ಒಂದು ಮಾತು ಆಡಿದ್ದಾರಾ? ಆಡ್ಲಿ. ಆವಾಗ ನೋಡೋಣ."

ಅವಳು ಹೇಳಿದ್ದು ನಿಜ, ಯಾರೂ ಒಂದು ಮಾತು ಆಡಿರಲಿಲ್ಲ. ಅವಳ ಕಣ್ಣಿನ ಮೇಲೆ ಒಂದು ಪೊರೆಯನ್ನು ವಯಸ್ಸು ಹಾಕಿತ್ತು, ಇನ್ನೊಂದನ್ನು ಆರು ತಿಂಗಳಿಂದ ನಾವೇ ಹಾಕುತ್ತಾ ಬಂದಿದ್ದೆವು. ನಮ್ಮ ಪ್ರೀತಿಗಿಷ್ಟು ಬೆಂಕಿ ಹಾಕ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿತ್ತು.

ಅಂದು ಮಧ್ಯಾಹ್ನ ಸ್ಪ್ಯಾನರ್ ಮಾಮನನ್ನೂ ಹೆಡ್‌ಮಿಸ್ಸನ್ನೂ ಡಿಪೋ ಗೇಟಿನ ಹತ್ತಿರ ಸೇರಿಸಿ ವಿಷಯ ಹೇಳಿದೆ. ನಾಳೆ ಯಾರಾದರೊಬ್ಬರು ಬಾಯಿಬಿಟ್ಟು "ಸೀದಿದೆ" ಅನ್ನಬೇಕು ಎಂದೆ. ಇಬ್ಬರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ನೀನೇ ಹೇಳಮ್ಮ, ಮನೆ ಮಗಳು" ಎಂದ ಮಾಮ.

"ನಾನು ಹೇಳಿದ್ರೆ ಜಗಳ ಅಂದ್ಕೋತಾಳೆ. ನಾವಿಬ್ರೂ ದಿನಾ ಜಗಳ ಆಡ್ತೀವಿ. ಗಿರಾಕಿಗಳು ಹೇಳಿದ್ರೆ ನಂಬ್ತಾಳೆ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಮಾಮ, ನಾನು ಗಂಡಸಲ್ಲವೇ ಎಂದು ಎದೆ ತಟ್ಟಿಕೊಂಡ. ಮರುದಿನ ಬೆಳಗ್ಗೆ ಚಿಕ್ಕಮ್ಮ ತಟ್ಟೆ ಇಟ್ಟು, "ಹೇಗಿದೆಯಪ್ಪಾ ಇವತ್ತು?" ಎಂದಳು. ಮಾಮ ಬಾಯಿ ತೆರೆದ. ಅಷ್ಟರಲ್ಲಿ ಅವಳ ಕೈಯಲ್ಲಿ ಔಷಧಿಯ ಚಮಚ ಬಂತು. "ಅಮೃತ ಇದ್ದ ಹಾಗಿದೆ ಅಕ್ಕ" ಎಂದುಬಿಟ್ಟ. ಟೋಸ್ಟಿಗೋ ಔಷಧಿಗೋ ದೇವರಿಗೇ ಗೊತ್ತು.

ಮರುದಿನ ಹೆಡ್‌ಮಿಸ್ಸಿನ ಸರದಿ. ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, "ನೋಡಿ, ಒಂದು ವಿಷಯ ಹೇಳಬೇಕಿತ್ತು" ಎಂದು ಶುರು ಮಾಡಿದರು. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಮುಖ ಕಾಣದಿದ್ದರೂ ಕಾಣುವವಳ ಹಾಗೆ, ಅವರತ್ತ ನಗುತ್ತಾ ಬಂದಳು. ಆ ನಗು ನೋಡಿ ಹೆಡ್‌ಮಿಸ್ಸಿನ ಧೈರ್ಯ ಇಳಿದುಹೋಯಿತು. "ಸಕ್ಕರೆ... ಸಕ್ಕರೆ ಸರಿಯಾಗಿದೆ" ಎಂದರು. ಲಕೋಟೆ ಮತ್ತೆ ಚೀಲ ಸೇರಿತು.

ಮೂರನೇ ದಿನ ನನಗೆ ತಡೆಯಲಾಗಲಿಲ್ಲ. ಮೂರನೇ ಮೇಜಿನಲ್ಲಿ ನಾನೇ ಕುಳಿತೆ. ಚಿಕ್ಕಮ್ಮ ನಾನೆಂದು ಗುರುತಿಸದೆ, ಗಿರಾಕಿ ಎಂದೇ ತಿಳಿದು ತಟ್ಟೆ ತಂದಿಟ್ಟಳು. ಎರಡು ಮೊಳ ದೂರದಲ್ಲಿ ನನ್ನ ಮುಖ ನೋಡಿ, "ನಿಮಗೆ ಚಹಾ ಆಮೇಲೆ ತರ್ಲಾ?" ಎಂದು ಬಹುವಚನದ ಮರ್ಯಾದೆಯ ದನಿಯಲ್ಲಿ ಕೇಳಿದಳು. ಎತ್ತಿ ಬೆಳೆಸಿದವಳಿಗೆ ನನ್ನ ಗುರುತೇ ಸಿಗುತ್ತಿರಲಿಲ್ಲ.

"ಚಿಕ್ಕಮ್ಮ, ನಾನು ಕಣೇ. ಇದು ಸೀದು ಹೋಗಿದೆ."

"ಏನಂದೆ?"

"ಸೀದು ಹೋಗಿದೆ. ಇದ್ದಿಲಾಗಿದೆ. ಇವತ್ತಲ್ಲ, ಆರು ತಿಂಗಳಿಂದ."

ಅವಳು ನನ್ನ ಕಡೆ ತಿರುಗಲಿಲ್ಲ, ಗಿರಾಕಿಗಳ ಕಡೆ ತಿರುಗಿದಳು. "ಇವಳು ಹೇಳ್ತಿರೋದು ಸುಳ್ಳು ಅಲ್ವಾ?" ಎಂದು ಕೇಳಿದಳು. ಸ್ಪ್ಯಾನರ್ ಮಾಮ ಒಂದು ಸಲ ಕೆಮ್ಮಿದ. ಅವಳು ನನ್ನ ತಟ್ಟೆಯಿಂದ ಒಂದು ತುಂಡು ಮುರಿದಳು, ಬಾಯಿಗೆ ಹಾಕಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅಗಿದಳು, ನುಂಗಿದಳು, ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

"ಏನಪ್ಪಾ ಸ್ಪ್ಯಾನರ್, ನಿನ್ನ ಆ ಕೆಮ್ಮು?"

"ಕೆಮ್ಮಿಲ್ಲ ಅಕ್ಕ. ಕೆರೆಯೋ ಸದ್ದು ಕೇಳಿಸ್ಬಾರ್ದು ಅಂತ..."

"ಮತ್ತೆ ಔಷಧಿ?"

"ನೀವು ಕೊಟ್ರಿ, ಕುಡಿದೆ."

"ದಡ್ಡ ಮುಂಡೇದೇ" ಎಂದಳು ಅವಳು. "ನನ್ನ ಕೈ ಊಟ ಅಂತ ಇದ್ದಿಲು ತಿನ್ನಿಸಿದ್ದೀನಿ ನಿಮಗೆಲ್ಲ. ಒಬ್ಬರಾದ್ರೂ ಹೇಳಬಾರ್ದಾ? ಅಷ್ಟು ಹೊರಗಿನವಳಾ ನಾನು?"

ಹೆಡ್‌ಮಿಸ್ಸು ಎದ್ದು ಬಂದು ಅವಳ ಕೈ ಹಿಡಿದುಕೊಂಡರು. "ತಪ್ಪಾಯ್ತು. ನಿಮ್ಮ ಮನಸ್ಸು ನೋಯುತ್ತೆ ಅಂತ ಸುಮ್ಮನಿದ್ವಿ" ಎಂದರು. ಕ್ಷಮೆ ಕೇಳಿ ಆಕೆಗೆ ಅಭ್ಯಾಸವಿರಲಿಲ್ಲ, ಮುಖ ಕೆಂಪಾಗಿತ್ತು.

ಚಿಕ್ಕಮ್ಮ ನನ್ನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ತಾನು ಕುಳಿತಳು. ಸಟ್ಟುಗವನ್ನು ನನ್ನ ಕಡೆ ಚಾಚಿ, "ನನಗೊಂದು ಪ್ಲೇಟು" ಎಂದಳು.

ಕಾವಲಿಯ ಹತ್ತಿರ ಹೋಗಿ ಬ್ರೆಡ್ಡನ್ನು ಬಟ್ಟಲಲ್ಲಿ ಅದ್ದಿದೆ. ಹಿಂಡಬೇಡ, ಹಿಂಡಬೇಡ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಬ್ರೆಡ್ಡನ್ನು ಎತ್ತಿ ಹಿಡಿದೆ. ಬೆಣ್ಣೆ ನೊರೆಗಟ್ಟಿದಾಗ ಇಳಿಸಿದೆ. ಬಗ್ಗಿ ಅಂಚು ನೋಡುತ್ತಾ ನಿಂತೆ. ಹಿಂದಿನಿಂದ ಒಂದು ಬೈಗುಳವಾದರೂ ಬರಬಾರದೇ ಎನ್ನಿಸಿತು. ಬರಲಿಲ್ಲ. ಅವಳು ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಗಿರಾಕಿಯ ಹಾಗೆ ಕಾಯುತ್ತಿದ್ದಳು. ಅಂಚಿನ ಬುಡ ಜೇನಿನ ಬಣ್ಣಕ್ಕೆ ಬಂದಾಗ ಮಗುಚಿ, ಇಪ್ಪತ್ತು ಎಣಿಸಿ, ಸಕ್ಕರೆ ಉದುರಿಸಿ ತಂದಿಟ್ಟೆ.

ಮೊದಲ ತುಂಡು ತಿಂದಳು. ಎರಡನೆಯದು ತಿಂದಳು. ಮೇಜುಗಳ ಮೇಲೆ ಬಗ್ಗಿ ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಪೂರ್ತಿ ಮುಗಿಸಿ ಬೆರಳಿಗೆ ಅಂಟಿದ ಸಕ್ಕರೆಯನ್ನೂ ನೆಕ್ಕಿದ ಮೇಲೆ ಬಾಯಿ ಬಿಟ್ಟಳು.

"ಮಧ್ಯೆ ಹಸಿ ಇದೆ. ಎಂಟು ಅಂದ್ರೆ ಹತ್ತು ಎಣಿಸಿದ್ದೀಯ. ಚಕ್ಕೆಪುಡಿ ಒಂದೇ ಕಡೆ ಗುಡ್ಡೆಯಾಗಿದೆ. ಬೆಣ್ಣೆ ಯಾರಪ್ಪನ ಮನೇದು ಅಂತ ಅಷ್ಟು ಸುರಿದೆ?"

"ಹಾಗಾದ್ರೆ ಚೆನ್ನಾಗಿಲ್ವಾ?"

"ಚೆನ್ನಾಗಿಲ್ಲ" ಎಂದಳು. "ನಾನು ಬರೋ ತನಕ ಹೀಗೇ ಕೆಡಿಸ್ತಾ ಇರು, ಬೆಳಗ್ಗೆ ಬಾಗಿಲು ಮಾತ್ರ ಮುಚ್ಚಬೇಡ. ಇವರ್ಯಾರಾದ್ರೂ ಚೆನ್ನಾಗಿದೆ ಅಂದ್ರೆ ನಂಬಬೇಡ, ಕಳ್ಳರು. ಟೀಚರಮ್ಮ, ನಿಮ್ಮ ಫೋನಿಂದ ಆ ಡಾಕ್ಟರಿಗೆ ಒಂದು ಫೋನ್ ಹಚ್ಚಿ."

ನನ್ನ ಜೀವಮಾನದಲ್ಲಿ ಬೈಗುಳ ಕೇಳಿ ಅಷ್ಟು ಖುಷಿಪಟ್ಟದ್ದಿಲ್ಲ. ಮಾಮ ಮೇಜು ಗುದ್ದಿದ, ಚಹಾ ಚೆಲ್ಲಿತು, ಅದಕ್ಕೂ ಬೈಸಿಕೊಂಡ.

ಮುಂದಿನ ವಾರ ಬಲಗಣ್ಣಿನ ಆಪರೇಷನ್ ಆಯಿತು. ಅಂಗಡಿಯನ್ನು ನಾನು ನಡೆಸಿದೆ. ಹೇಗೆ ನಡೆಸಿದೆ ಎಂದು ಗಿರಾಕಿಗಳನ್ನು ಕೇಳಿ, ಈಗ ಅವರು ನಿಜ ಹೇಳುತ್ತಾರೆ. ಆಪರೇಷನ್ನಿನ ಮರುದಿನ ಬೆಳಗ್ಗೆ ಪಟ್ಟಿ ಬಿಚ್ಚುವಾಗ ಮಾತ್ರ ಮಾಮನನ್ನು ಕಾವಲಿಯ ಮುಂದೆ ನಿಲ್ಲಿಸಿ ನಾನು ಆಸ್ಪತ್ರೆಗೆ ಓಡಿದ್ದೆ. ನರ್ಸು ಹತ್ತಿ ತೆಗೆದರು, ಔಷಧಿ ಬಿಟ್ಟರು, ನಿಧಾನ ಕಣ್ಣು ಬಿಡಿ ಎಂದರು. ಚಿಕ್ಕಮ್ಮ ಮೊದಲು ಕಿಟಕಿಯನ್ನು ನೋಡಿದಳು, ಆಮೇಲೆ ತನ್ನ ಅಂಗೈಯನ್ನು, ಆಮೇಲೆ ನನ್ನನ್ನು. ನನ್ನ ಮುಖದ ಮೇಲೆಯೇ ಬಹಳ ಹೊತ್ತು ಕಣ್ಣು ನೆಟ್ಟಳು.

"ಅತ್ತಿದ್ದೀಯೇನೇ?" ಎಂದಳು.

"ಇಲ್ಲಪ್ಪ" ಎಂದೆ.

"ಸುಳ್ಳು ಹೇಳ್ಬೇಡ. ಈಗ ಕಾಣ್ಸುತ್ತೆ ನನಗೆ."