ಉಳಿದ ಅರ್ಧ ಗಡ್ಡ

ನೊರೆ ಕಿವಿಯೊಳಗೆ ಹೋಯಿತೇನೋ, ಇಲ್ಲ, ಅಂಚಿನಲ್ಲೇ ನಿಂತಿದೆ, ಬ್ರಶ್ಶಿನಿಂದ ಒರೆಸಿದರೆ ಇನ್ನಷ್ಟು ಮೆತ್ತಿಕೊಳ್ಳುತ್ತದೆ, ಬೆರಳಿನಿಂದ ತೆಗಿ ತಾಯಿ, ಹಾಂ, ಹಾಗೆ — ಅಣ್ಣನ ಕ್ಷೌರದಂಗಡಿಯಲ್ಲಿ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ. ಕನ್ನಡಿಯಲ್ಲಿ ಗಿರಾಕಿ ಅಜ್ಜನ ಮುಖ, ಬಲಗೆನ್ನೆಯಲ್ಲಿ ಒಂದು ವಾರದ ಕುರುಚಲು, ಎಡಗೆನ್ನೆಯಲ್ಲಿ ಅದಕ್ಕಿಂತ ಹಳೆಯ ಬಿಳಿ ಗಡ್ಡ, ಇಬ್ಬರ ಮುಖ ತಂದು ಅಂಟಿಸಿದ ಹಾಗೆ, ಈ ಚಂದವೆಲ್ಲ ಅವಳದೇ ಕೈಕೆಲಸ. ಹೋದ ವಾರ ಬಲಗಡೆ ಮುಗಿಸಿ ಎಡಕ್ಕೆ ಬಂದಿದ್ದಳು, ಕತ್ತಿ ಇಳಿಯಿತು, ರಕ್ತ — ನೊರೆಯಲ್ಲಿ ರಕ್ತ ಎಷ್ಟು ಬೇಗ ಹರಡುತ್ತದೆ — ಕತ್ತಿಯನ್ನು ಬೇಸಿನ್ನಿಗೆ ಬಿಸಾಡಿ ಹಿಂಬಾಗಿಲಿನಿಂದ ಓಡಿದ್ದಳು. ಅಣ್ಣ ಪಟಿಕ ಒತ್ತಿ ರಕ್ತ ನಿಲ್ಲಿಸಿದ, ಉಳಿದದ್ದನ್ನು ಅವನೇ ಮುಗಿಸೋಣವೆಂದರೆ ಆ ಕೈಗಳು ಈಗ ಲೋಟ ಹಿಡಿದರೂ ಚೆಲ್ಲುತ್ತವೆ, ಅದಕ್ಕೇ ತಾನೆ ಅವಳು ಈ ಅಂಗಡಿಗೆ ಬಂದದ್ದು. ಅಜ್ಜ ಅರ್ಧ ಗಡ್ಡದಲ್ಲೇ ಎದ್ದು ಹೋದ, ಆಯಸ್ಸೆಲ್ಲ ರೈಲು ಓಡಿಸಿದ ಮೊಂಡ ಮುದುಕ, ಬೇರೆ ಅಂಗಡಿಗೂ ಹೋಗಲಿಲ್ಲ, ಮನೆಯಲ್ಲೂ ಕೆರೆದುಕೊಳ್ಳಲಿಲ್ಲ, ಅದೇ ಮುಖ ಹೊತ್ತು ಬೀದಿಯೆಲ್ಲ ತಿರುಗಿದ, ಏನ್ ತಾತ ಇದು ವೇಷ ಅಂದವರಿಗೆಲ್ಲ ಕೆಲಸ ಇನ್ನೂ ನಡೀತಿದೆ ಕಣಪ್ಪ ಅಂದನಂತೆ. ಈಗ ಬಂದು ಕುರ್ಚಿಯಲ್ಲಿ ಕೂತು, ಹಲ್ಲಿನ ಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡು, ಶುರು ಮಾಡಿದವಳೇ ಮುಗಿಸ್ಲಿ, ಎಂದ.

ಬಾಗಿಲ ಬೆಂಚಿನಲ್ಲಿ ಅಣ್ಣ, ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದಾನೆ, ನೋಡು, ಇನ್ನೊಂದ್ಸಲ ರಕ್ತ ಬಂತು ಅಂದ್ರೆ ಈ ಅಂಗಡೀನೇ ಕೊಟ್ಬಿಡ್ತೀನಿ, ಪಕ್ಕದ ಮೊಬೈಲ್ ಅಂಗಡಿಯವನು ನಡುವಿನ ಗೋಡೆ ಒಡೆಯೋಕೆ ಕಾಯ್ತಾ ಕೂತಿದಾನೆ, ಅಂದಿದ್ದಾನೆ, ಅರ್ಧಕ್ಕೆ ಬಿಡೋದ್ರಲ್ಲಿ ನೀನು ಎತ್ತಿದ ಕೈ, ಅಂತಲೂ. ಸುಳ್ಳೇನಲ್ಲ. ಹೊಲಿಗೆಯನ್ನು ತೋಳು ಕೂಡಿಸುವಲ್ಲಿಗೆ ಬಿಟ್ಟಳು, ಸೈಕಲ್ಲನ್ನು ಮೊದಲ ತಿರುವಿನಲ್ಲೇ ಬಿಟ್ಟಳು, ಮದುವೆ — ಅದನ್ನು ಅವಳು ಬಿಟ್ಟದ್ದಲ್ಲ, ಗಂಡ ಬಿಟ್ಟು ಹೋದದ್ದು, ಆದರೂ ಅದನ್ನೂ ಇವಳ ತಲೆಗೇ ಕಟ್ಟುತ್ತಾರೆ, ಕಟ್ಟಿಕೊಳ್ಳಲಿ, ಹೊತ್ತು ಹೊತ್ತು ತಲೆ ಗಟ್ಟಿಯಾಗಿದೆ. ಕಲಿಸುವಾಗ ಅಣ್ಣ ಬಲೂನು ಊದಿ ನಲ್ಲಿಗೆ ಕಟ್ಟಿದ್ದ, ಸೋಪು ಹಚ್ಚು, ಕತ್ತಿಯಿಂದ ನೊರೆ ತೆಗಿ, ಒಡೀಬಾರದು, ಅಷ್ಟೇ ವಿದ್ಯೆ. ಢಬ್. ಎದುರಿನ ದರ್ಜಿ ಅಲ್ಲಿಂದಲೇ ಕೂಗುತ್ತಿದ್ದ, ಏನಮ್ಮಾ, ಇನ್ನೊಂದು ಗಿರಾಕಿ ಹೋಯ್ತಾ. ಢಬ್, ಮುಖಕ್ಕೆಲ್ಲ ನೊರೆ, ಢಬ್, ಅಣ್ಣ ಇನ್ನೊಂದನ್ನು ಊದಲು ಕೊಡುತ್ತಿದ್ದ, ಊದಿ ಊದಿ ಅವಳ ದವಡೆ ನೋಯುತ್ತಿತ್ತು. ಆಮೇಲೆ ಒಂದು ದಿನ ಒಡೆಯಲಿಲ್ಲ, ನುಣ್ಣಗೆ, ತೊಳೆದಿಟ್ಟ ಹಾಗೆ, ಅವಳಿಗೆ ಕೋಡು ಮೂಡಿತು, ಅಲ್ಲೇ ಎಡವಿದ್ದು. ಬಲೂನಿನ ಚರ್ಮ ತಾನಾಗಿಯೇ ಬಿಗಿಯಾಗಿರುತ್ತದೆ, ಎಡಗೈಗೆ ಕೆಲಸವೇ ಇಲ್ಲ, ಎಡಗೈ ಸುಮ್ಮನೆ ನಿಂತು ಸೋಮಾರಿಯಾಯಿತು. ಅಜ್ಜನಿಗೆ ಬಲಗಡೆ ಇನ್ನೂ ಒಂದೆರಡು ಸ್ವಂತ ಹಲ್ಲಿವೆ, ಚರ್ಮ ನಿಂತಿತು, ಎಡಗಡೆ ಬರೀ ಗುಳಿ, ಜೋಲುವ ಮಡಿಕೆ, ಆ ಮಡಿಕೆಗೇ ಕತ್ತಿ ಕಚ್ಚಿದ್ದು. ಇದು ಹೊಳೆದದ್ದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅತ್ತು ಮುಗಿದ ಮೇಲೆ, ಕೈ ಕೆಟ್ಟದ್ದಲ್ಲ, ಒಂದು ಕೈ ಕಲಿತಿದೆ, ಇನ್ನೊಂದು ಕಲಿತಿಲ್ಲ, ಅಷ್ಟೇ ಅಲ್ಲವೇ, ಅಷ್ಟಕ್ಕೆ ಇಷ್ಟು ಅಳುವೇ. ವಾರವೆಲ್ಲ ತನ್ನ ಮೊಣಕಾಲಿಗೇ ಸೋಪು ಹಚ್ಚಿ ಎಡಗೈಯಿಂದ ಚರ್ಮ ಎಳೆದು ಬಲಗೈಯಿಂದ ಕೆರೆದಳು, ಅತ್ತಿಗೆ ನೋಡಿ, ಅಯ್ಯೋ, ನಿನ್ ಮೊಣಕಾಲಿಗೂ ಗಡ್ಡ ಬಂತೇನೇ, ಎಂದು ನಕ್ಕಳು. ನಗಲಿ. ಮೊಣಕಾಲು ದೂರು ಹೇಳಲಿಲ್ಲ.

ಮೊದ್ಲು ಬಲಗಡೆ ಮಾಡು, ಅದು ಸುಲಭ, ಎನ್ನುತ್ತಾನೆ ಅಣ್ಣ. ಇಲ್ಲ, ಎಡದಿಂದ್ಲೇ. ಯಾರು ಅಂದದ್ದು ಇದು, ಅವಳೇ. ಕತ್ತಿಗೆ ಹೊಸ ಬ್ಲೇಡು, ಕಿವಿಯ ಬುಡ, ಎಡಗೈ ಮೇಲಕ್ಕೆ ಎಳೆಯುತ್ತದೆ, ಒಂದು ಎಳೆತ, ಸರ್ರನೆ, ಒರೆಸು, ಇನ್ನೊಂದು, ಪೂರ್ತಿ ಮುಖದ ಯೋಚನೆ ಬೇಡ, ಮುಖ ಯಾರಿಗೆ ಬೇಕು, ಕತ್ತಿಯ ಅಗಲದಷ್ಟು ಜಾಗ, ಆಮೇಲೆ ಅದರ ಪಕ್ಕದ ಜಾಗ. ಬಿಡ್ತೀಯಲ್ಲ ಈಗ, ಎನ್ನುತ್ತದೆ ಒಳಗಿನ ದನಿ, ಬಾಯ್ಮುಚ್ಚು, ನಿನ್ನ ಮಾತು ಕೇಳಿ ಕೇಳಿಯೇ ನಲವತ್ತು ದಾಟಿದ್ದು. ಗುಳಿ ಬಂತು. ಒಣಗಿದ ಗಾಯ, ಮಡಿಕೆಯೊಳಗೆ ಅರ್ಧ ಅಡಗಿದೆ, ಎಡಗೈ ಎಳೆದರೂ ಜಾರುತ್ತದೆ, ಮತ್ತೆ ಎಳೆ, ಮತ್ತೆ ಜಾರುತ್ತದೆ, ಬೆಂಚು ಕಿರ್ ಎಂದಿತು, ಅಣ್ಣ ಎದ್ದು ನಿಂತ, ಹಿಂಬಾಗಿಲು ತೆರೆದೇ ಇದೆ, ತೆರೆದಿರಲಿ, ನಲ್ಲಿಗೆ ಕಟ್ಟಿದ ಬಲೂನು, ಢಬ್ — ತಾತ, ಬಾಯ್ತುಂಬ ಗಾಳಿ ತುಂಬ್ಕೊಳ್ಳಿ, ಬಿಡ್ಬೇಡಿ, ಎಂದಳು, ಅಪ್ಪಣೆ ಕೊಟ್ಟ ಹಾಗೆ. ಕನ್ನಡಿಯಲ್ಲಿ ಅಜ್ಜನ ಕಣ್ಣುಗಳು ನಕ್ಕವು. ಗುಳಿ ತುಂಬಿತು, ಮಡಿಕೆ ಬಿಚ್ಚಿತು, ಗಾಯ ಮೇಲೆ ಬಂದು ಬೆಳಕಿನಲ್ಲಿ ನಿಂತಿತು, ಕೆನ್ನೆ ದುಂಡಗೆ, ಬಿಗಿಯಾಗಿ, ಬೆಳ್ಳಗೆ, ಇದು ಗೊತ್ತು ಅವಳಿಗೆ, ಇದನ್ನು ಊದಿ ಊದಿ ದವಡೆ ನೋಯಿಸಿಕೊಂಡವಳು ಅವಳೇ, ಕತ್ತಿ ಇಳಿಯಿತು, ಗಾಯದ ಅಂಚು, ಸರ್ರನೆ ಗಾಯ ದಾಟಿತು, ಕೆಂಪಿಲ್ಲ, ಎಲ್ಲಿಯೂ ಕೆಂಪಿಲ್ಲ, ಉಬ್ಬಿದ ಕೆನ್ನೆ, ನೊರೆ, ಉಬ್ಬಿದ ಕೆನ್ನೆ, ಒಡೆದಿಲ್ಲ