ಕಿಟಕಿ ಕಟ್ಟೆಯ ಗುಲಾಬಿ ನೀರು

ನಾನು ಮಾಡಿದ್ದು ಇಷ್ಟೇ: ಒಂದು ಬಾಟಲಿ ತೊಳೆದೆ. ಮೈಸೂರಿನಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಎರಡು ತಿಂಗಳಾಗಿತ್ತು. ವಿಲೆಟನ್ ಬಡಾವಣೆಯ ಮಗನ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡಿದ್ದೆ. ಸುಮ್ಮನೆ ಕೂತರೆ ನನಗೆ ತಲೆ ಕೆಡುತ್ತದೆ.

ಸೊಸೆ ಮಧುರಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಶುಕ್ರವಾರ ಸಂಜೆ ಮರುಭೂಮಿಯಿಂದ ಒಂಬತ್ತು ಗಂಟೆ ಕಾರು ಓಡಿಸಿಕೊಂಡು ಬಂದವಳು, ಬಾಟಲಿಯೊಂದನ್ನು ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲಿಟ್ಟು ಹಾಗೇ ಮಲಗಿಬಿಟ್ಟಳು. ಬೆಳಿಗ್ಗೆ ನೋಡುತ್ತೇನೆ, ಒಳಗೆ ಗುಲಾಬಿ ಬಣ್ಣದ ನೀರು, ಕತ್ತಿನ ಸುತ್ತ ಗಟ್ಟಿಯಾದ ಉಪ್ಪು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಥೂ, ಅನ್ನ ಮಾಡುವ ಜಾಗದಲ್ಲಿ ಇದೇನು! ಉಪ್ಪನ್ನು ಕೆರೆದು ಬೇರೆ ಇಟ್ಟು, ನೀರು ಚೆಲ್ಲಿ, ಸೋಪು ಹಾಕಿ ಉಜ್ಜಿ ಬಾಟಲಿಯನ್ನು ಬೋರಲು ಹಾಕಿದೆ.

ಹತ್ತು ಗಂಟೆಗೆ ಎದ್ದು ಬಂದ ಮಧುರಾ ಅದನ್ನು ನೋಡಿ ನೆಲದ ಮೇಲೇ ಕೂತಳು.

"ಮಾವ, ಇದರಲ್ಲಿದ್ದ ನೀರು?"

"ಚೆಲ್ಲಿದೆ ಕಣಮ್ಮ. ಕೊಳೆತುಹೋಗಿತ್ತು."

"ಕೊಳೆತಿರ್ಲಿಲ್ಲ ಮಾವ. ಅದರಲ್ಲಿ ಜೀವ ಇತ್ತು."

ಅತ್ತೇಬಿಟ್ಟಳು. ಅವಳು ನೀರು ತುಂಬಿಕೊಂಡು ಬಂದಿದ್ದ ಮರುಭೂಮಿಯ ಉಪ್ಪಿನ ಕೆರೆಗೆ ನೀರು ಬರುವುದೇ ಎಷ್ಟೋ ವರ್ಷಕ್ಕೊಮ್ಮೆಯಂತೆ. ಮತ್ತೆ ಹೋಗುವಷ್ಟರಲ್ಲಿ ಒಣಗಿಹೋಗಿರುತ್ತದಂತೆ. ಉಳಿದೆರಡು ಬಾಟಲಿ ದಾರಿಯಲ್ಲೇ ಒಡೆದಿದ್ದವು. ಅವಳ ಎರಡು ವರ್ಷದ ಕೆಲಸ ನಿಂತಿದ್ದು ಇದೊಂದರ ಮೇಲೆ.

ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅಲ್ಲಮ್ಮ, ಏನೂ ಬೆಳೀಬಾರ್ದು ಅಂತಲೇ ಅಲ್ವಾ ಉಪ್ಪಿನಕಾಯಿಗೆ ಅಷ್ಟು ಉಪ್ಪು ಸುರಿಯೋದು? ಅಂಥ ನೀರಲ್ಲಿ ಏನ್ ಬದುಕುತ್ತೆ?"

ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. ಈ ವಿಷಯ ಕೇಳಿದರೆ ಹೇಳದೆ ಇರಲಾರಳು. "ಸೂಕ್ಷ್ಮಜೀವಿಗಳು. ಆ ಗುಲಾಬಿ ಬಣ್ಣನೇ ಅವುಗಳದ್ದು. ಸಾದಾ ನೀರಿಗೆ ಬಿದ್ರೆ ಒಡೆದು ಸತ್ತೋಗ್ತವೆ."

"ಮತ್ತೆ ಕೆರೆ ಒಣಗಿದಾಗ?"

"ಉಪ್ಪಿನ ಹರಳೊಳಗೆ ಒಂದೊಂದು ಹನಿ ನೀರು ಸಿಕ್ಕಾಕೊಂಡಿರುತ್ತೆ. ಅದರಲ್ಲೇ ವರ್ಷಗಟ್ಟಲೆ ಕಾಯ್ತಾ ಇರ್ತವೆ."

ಹರಳೊಳಗೆ! ನಾನು ಓಡಿಹೋಗಿ, ದೇವರ ಗೂಡಿನ ಪಕ್ಕ ಇಟ್ಟಿದ್ದ ಸ್ಟೀಲ್ ಮುಚ್ಚಳ ತಂದೆ. ಅದರ ತುಂಬ ಗುಲಾಬಿ ಉಪ್ಪು. ಉಪ್ಪೆಂದರೆ ಲಕ್ಷ್ಮಿ, ಎಂಜಲು ಪಾತ್ರೆಗಳ ಮೇಲೆ ಚೆಲ್ಲಬಾರದು ಎಂದು ನಮ್ಮಮ್ಮ ಕಲಿಸಿದ್ದು. ಸ್ನಾನವಾದ ಮೇಲೆ ಒಳ್ಳೆ ನೀರಿನಲ್ಲಿ ಕರಗಿಸಿಬಿಡೋಣ ಎಂದುಕೊಂಡಿದ್ದೆ.

ಮಧುರಾ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದಳು. "ಒದ್ದೆ ಚಮಚದಲ್ಲಿ ಕೆರೆದ್ರಾ?"

"ಉಪ್ಪಿಗೆ ಒದ್ದೆ ಚಮಚ ಹಾಕ್ತೀನಾ? ನಮ್ಮಮ್ಮ ಇದ್ದಿದ್ರೆ ಕೈ ಮುರೀತಿದ್ಲು!"

ಅಳುತ್ತಲೇ ನಕ್ಕಳು.

ಆ ಉಪ್ಪನ್ನು ಲ್ಯಾಬಿಗೆ ಒಯ್ದು, ಉಪ್ಪುನೀರಿನಲ್ಲಿ ಬೆಳೆಯಲು ಇಟ್ಟಳು. ಆಮೇಲೆ ಐದು ವಾರ ದಿನಾ ಸಂಜೆ ಕೇಳಿದೆ, ಬಣ್ಣ ಬಂತಾ ಎಂದು. ದಿನಾ ಇಲ್ಲ ಎಂದಳು. ನನಗೆ ಊಟ ಸೇರುತ್ತಿರಲಿಲ್ಲ. ಆರನೆಯ ವಾರ ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದಳು. ಗಾಜಿನ ಕೊಳವೆಯಲ್ಲಿ ತೆಳ್ಳಗೆ ಗುಲಾಬಿ ಬಣ್ಣ ಕಾಣಿಸಿತು. ಬದುಕಿದ್ದವು! ಪಕ್ಕದ ಸಿಂಕಿನ ಮೇಲೆ ಒಂದು ಚೀಟಿ ಅಂಟಿಸಿದ್ದಳು: "ಮಾವ, ತೊಳೀಬೇಡಿ."

ಆ ಲ್ಯಾಬಿಗೆ ಬರುವವರಲ್ಲಿ ಅವಳನ್ನು ಬಿಟ್ಟರೆ ಕನ್ನಡ ಓದಬಲ್ಲವನು ನಾನೊಬ್ಬನೇ.