ತೋರುಬೆರಳಿನ ಕಪ್ಪು

ಬಂತು, ಕಪ್ಪು ಬಟ್ಟೆಗೆ ಬಂತು, ಒಂದೇ ಎಳೆತಕ್ಕೆ, ಬಾಣಲೆ ತಳದ ಮಸಿ ಬಂದ ಹಾಗೆ — ಬರಬಾರದಲ್ಲ, ವೋಟಿನ ಮಸಿ ಹೀಗೆ ಬರುವುದುಂಟೇ, ಅವಳು ಬಟ್ಟೆ ನೋಡಿದಳು, ಬೆರಳು ನೋಡಿದಳು, ಮತ್ತೆ ಬಟ್ಟೆ ನೋಡಿದಳು. ಥಿನ್ನರಿನ ಘಾಟು ಮೂಗಿಗೆ ಅಡರಿ ಕಣ್ಣಲ್ಲಿ ನೀರು, ಮಂಚದ ಮೇಲೆ ಗೋಡೆಗೊರಗಿ ಕೂತ ಗಂಡನ ಎಡಗೈ ಅವಳ ತೊಡೆಯ ಮೇಲೆ, ತೋರುಬೆರಳಿನ ಉಗುರು ಅರ್ಧ ಕಪ್ಪು, ಅರ್ಧ ಬಿಳಿ. ಅವಳ ಬೆರಳಲ್ಲೂ ಇದೆಯಲ್ಲ, ಬೆಳಗ್ಗೆ ಮತಗಟ್ಟೆಯ ಬಾಗಿಲು ತೆರೆಯುತ್ತಲೇ ಹೋಗಿ ಹಚ್ಚಿಸಿಕೊಂಡು ಬಂದದ್ದು, ಬಂದು ರಾಶಿ ಪಾತ್ರೆ ತಿಕ್ಕಿದ್ದಾಳೆ, ಚೂರೂ ಮಾಸಿಲ್ಲ, ಅದೇ ಬಟ್ಟೆಯನ್ನು ತನ್ನ ಉಗುರಿಗೆ ಒತ್ತಿ ಎಳೆದಳು, ಅಲ್ಲಾಡಲಿಲ್ಲ, ಅವರ ಉಗುರಿಗೆ ಎಳೆದಳು, ಬಂತು. ಅಂದರೆ ಇದು ಮಸಿಯಲ್ಲ. ಬಣ್ಣ. ಮಂಚದ ಕೆಳಗಿನ ಡಬ್ಬಿಯ ಬಣ್ಣ, ಕಪ್ಪಿಗೆ ಒಂದು ತೊಟ್ಟು ನೇರಳೆ ಬೆರೆಸಿ, ಒಣಗಿದ ಮೇಲೆ ಹೊಳೆಯದ ಹಾಗೆ ಮಂಕು ಮಾಡಿ, ಉಗುರಿನ ಬುಡದಲ್ಲಿ ಅವಸರದ ಗುಮಾಸ್ತ ಹಚ್ಚಿದ ಹಾಗೆ ಸ್ವಲ್ಪ ಚರ್ಮಕ್ಕೂ ಹರಿಸಿ — ಈ ಇಡೀ ಪೇಟೆಯಲ್ಲಿ ಇಂಥದನ್ನು ಬರೆಯಬಲ್ಲ ಕೈ ಒಂದೇ, ಆ ಕೈ ಈಗ ಅವಳ ತೊಡೆಯ ಮೇಲಿದೆ, ಮತ್ತೆ ಕೆಳಗೆ, ಕಿಟಕಿಯ ಕೆಳಗೆ, ಬೀದಿಯಲ್ಲಿ, ಈ ಬೆರಳಿಗೆ ಮಸಿ ಬಳಿದವನು ನೀನೇ ಎಂದು ಟೈಲರನ ಅಂಗಿ ಹಿಡಿದು ಎಳೆದಾಡುತ್ತಿದ್ದಾರೆ, ನಾನಲ್ಲ ಕಣ್ರೋ, ನಾನಲ್ಲ, ಅವನ ದನಿ ಮೂರು ಮಹಡಿ ಹತ್ತಿ ಬರುತ್ತಿದೆ.

ಎಂಥ ಕೈ ಅದು, ಈ ಕ್ಷೇತ್ರದ ಚರಿತ್ರೆಯನ್ನೆಲ್ಲ ಬರೆದ ಕೈ, ಅಳಿಸಿ ಮತ್ತೆ ಬರೆದ ಕೈ. ಕ್ಷೇತ್ರ ಅಂದರೆ ಎಷ್ಟಗಲ, ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯಲ್ಲಿ ಕೇಳುತ್ತದೆ, ಆದರೆ ಮೇಲಿಂದ ಮೇಲೆ ಪೇರಿಸಿದ ಮನೆಗಳು, ಲಾಡ್ಜುಗಳು, ಪ್ರೆಸ್ಸುಗಳು, ಒಂದು ಬಾಗಿಲಿಗೆ ನಾಲ್ಕು ಸಂಸಾರ, ಮೆಟ್ಟಿಲ ಕೆಳಗೂ ಒಬ್ಬ ಮತದಾರ. ಚುನಾವಣೆ ಬಂದರೆ ಹೆಸರು, ಗುರುತು ಬರೆಯಲು ಮಾರ್ಕೆಟ್ಟಿನ ಉದ್ದ ಗೋಡೆ ಅವರದು, ಮೊದಲು ಅಲ್ಲಿ ಕೊಡೆ ಗುರುತಿನ ಡಾಕ್ಟರು, ಕಾಸು ತಗೊಳ್ಳದೆ ಇಂಜೆಕ್ಷನ್ ಚುಚ್ಚಿ ಗೆದ್ದವರು, ಅವರ ಮೇಲೆ ಸುಣ್ಣ ಬಳಿದು ಬೀಗದಂಗಡಿಯವನು, ಗೆದ್ದ ಮೇಲೆ ಅವನ ಮನೆ ಬಾಗಿಲಿಗೇ ಬೀಗ ಎಂದು ಜನ ನಕ್ಕರು, ಅವನ ಮೇಲೆ ಪೈಲ್ವಾನ, ಮಿಲ್ಲು ಮುಚ್ಚಿದ ವರ್ಷ, ಮಿಲ್ಲು ತೆರೆಸುತ್ತೇನೆ ಎಂದು ತೊಡೆ ತಟ್ಟಿದವನು, ಪೈಲ್ವಾನನ ಮೇಲೆ ಅವನ ನಾದಿನಿ. ಗೋಡೆ ಕೆರೆದರೆ ಎಲ್ಲರೂ ಪದರ ಪದರವಾಗಿ ಅಲ್ಲೇ ಇದ್ದಾರೆ ಕಣೇ, ಅನ್ನುತ್ತಿದ್ದರು, ಕೈ ತೊಳೆದು ಊಟಕ್ಕೆ ಕೂತು, ಉಗುರ ಸಂದಿಯಲ್ಲಿ ಹಸಿರು ಕೆಂಪು ಉಳಿದೇ ಇರುತ್ತಿತ್ತು. ನಿಮ್ಮ ವೋಟು ಯಾರಿಗೆ ರೀ ಎಂದರೆ, ಎಲ್ಲರ ಹೆಸರೂ ಬರೆದವನು ನಾನು, ಒಬ್ಬನಿಗೆ ಹಾಕಿದೆ ಅಂದರೆ ಉಳಿದವರು ದುಡ್ಡು ಹಿಡಿಯುತ್ತಾರೆ, ಎಂದು ಮುಸಿಮುಸಿ ನಗು. ಮಿಲ್ಲು ಮುಚ್ಚಿತು, ಮಿಲ್ಲಿನವರ ಮಕ್ಕಳು ಊರಾಚೆಗೆ ಹೋದರು, ಹೆಸರು ಮಾತ್ರ ಇಲ್ಲೇ ಬಿಟ್ಟುಹೋದರು, ವೋಟಿನ ದಿನ ಬಸ್ಸಿಳಿದು ಬಂದು ತಾವು ಹುಟ್ಟಿದ ಮೆಟ್ಟಿಲು ಹುಡುಕುತ್ತಾರೆ, ನೀವು ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಿಸೋ ಅತ್ತೆ ಅಲ್ವಾ, ಇನ್ನೂ ಇದೀರಾ, ಅನ್ನುತ್ತಾರೆ, ಇದೀನಪ್ಪ, ಎಲ್ಲಿಗೆ ಹೋಗಲಿ ಅನ್ನುತ್ತಾಳೆ ಅವಳು. ಮತ್ತೆ ಏಣಿ, ಅಯ್ಯೋ, ಏಣಿ ಗುರುತಿನವನು ನಿಂತ ಸಲ, ಗೋಡೆಯ ತುದಿಯಲ್ಲಿ ಏಣಿ ಬರೆಯುತ್ತಾ ಇವರು ಏಣಿಯಿಂದ ಬಿದ್ದರು, ಸಂತೆಯಷ್ಟು ಜನರ ನಡುವೆ, ಅಭ್ಯರ್ಥಿಯ ಮೆರವಣಿಗೆ ಅದೇ ಹೊತ್ತಿಗೆ ಬಂದು, ಯಾರೋ ನಕ್ಕರು, ಬಣ್ಣದ ಡಬ್ಬಿ ತಲೆಯ ಮೇಲೆ ಮಗುಚಿ ಮುಖವೆಲ್ಲ ಹಳದಿ. ಮೂಳೆ ಕೂಡಿತು, ಕಾಲಿಗೆ ಈಗ ಏನೂ ಆಗಿಲ್ಲ, ಕುಂಟುತ್ತಾ ನಡೀಬಹುದು ಅಂದರು ಆಸ್ಪತ್ರೆಯವರು, ನಡೆದದ್ದು ಮಂಚದಿಂದ ಬಚ್ಚಲಿಗೆ ಅಷ್ಟೇ. ಐದು ವರ್ಷ. ತಂಗಿ ತೀರಿಕೊಂಡಾಗ ಇಳಿಯಲಿಲ್ಲ, ಮಗಳ ಮದುವೆಗೆ ಇಳಿಯಲಿಲ್ಲ, ಮದುಮಗಳೇ ಹತ್ತಿ ಬಂದು ಮಂಚದ ಹತ್ತಿರ ಬಗ್ಗಿ ಹೋದಳು. ಕೂತಲ್ಲೇ ಗಾಡಿಗಳ ನಂಬರು ಬರೆದುಕೊಡುವುದು, ಅಂಗಡಿಗೆ ಸಣ್ಣ ಬೋರ್ಡು, ದಿನಾ ಒಬ್ಬನೇ ಒಬ್ಬ ಹತ್ತಿ ಬರುತ್ತಾನೆ, ಎರಡನೇ ಮಹಡಿಯ ಟೈಲರ್, ಪೇಪರು ಓದಿ ಹೇಳಿ, ಗುಂಡಿ ಕಿತ್ತುಹೋಗಿದ್ದರೆ ಹೊಲಿದುಕೊಟ್ಟು, ನಿಮ್ಮ ಗಂಡನ ಬಾಯಿಗೆ ನಾನು ದಾರ ಹಾಕಿಲ್ಲ ಅಕ್ಕ, ಆದರೂ ಯಾಕೆ ಮಾತಾಡಲ್ಲ ಎಂದು ನಗಿಸಿ ಹೋಗುತ್ತಾನೆ — ಅವನನ್ನು, ಅವನನ್ನೇ.

ವೋಟು ಒಂದು ನೆಪ, ಅವಳಿಗೆ ಬೇಕಾಗಿದ್ದು ಅವರು ಇಳಿಯುವುದು. ತಿಂಗಳಿಡೀ ಪುಸಲಾಯಿಸಿದ್ದಳು, ಒಂದು ಸಲ ಬನ್ನಿ, ಕುರ್ಚಿಯಲ್ಲಿ ಹೊತ್ತುಕೊಂಡು ಹೋಗ್ತಾರೆ, ನಿಮ್ಮ ಗೋಡೆ ನೋಡ್ಕೊಂಡು ಬರೋಣ, ಮಾರ್ಕೆಟ್ಟಿನ ಹಮಾಲಿಗಳು ನಾಲ್ಕು ಜನ ಸಾಕು, ನಿಮ್ಮ ತೂಕ ಒಂದು ಮೂಟೆಯೂ ಇಲ್ಲ, ಎಂದಾಗ ನಕ್ಕು ಹೂಂ ಅಂದಿದ್ದರು, ನಿನ್ನೆ ತಾವೇ ಗಡ್ಡ ಬೋಳಿಸಿಕೊಂಡರು, ಅವಳಿಗೆ ಮದುವೆ ಮನೆಯ ಸಂಭ್ರಮ, ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಳು. ಇವತ್ತು ಹಮಾಲಿಗಳನ್ನು ಕರೆದುಕೊಂಡು ಮೇಲೆ ಬಂದಾಗ, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದಾರೆ, ಎಡಗೈ ಎತ್ತಿ ತೋರಿಸಿದರು, ಆಗೋಯ್ತು, ಅಂದರು, ಅಷ್ಟೇ. ಉಗುರು ಕಪ್ಪು. ಯಾರು ಬಂದಿದ್ದರು ರೀ, ಎಂದರೆ ಇಸ್ತ್ರಿ ಅಂಗಿಯ ತೋಳು ಎಳೆದುಕೊಂಡರು. ವಾರದಿಂದ ಬೀದಿಯೆಲ್ಲ ಅದೇ ಸುದ್ದಿ, ಎದುರು ಪಾರ್ಟಿಯವರು ಮನೆಮನೆಗೆ ಬಂದು ಕೈಗೆ ದುಡ್ಡಿಟ್ಟು ಬೆರಳಿಗೆ ಮಸಿ ಬಳಿದು ಹೋಗ್ತಾರಂತೆ, ಆಮೇಲೆ ಮತಗಟ್ಟೆಗೆ ಹೋದರೆ ಒಳಗೆ ಬಿಡಲ್ಲ, ವೋಟು ಅಲ್ಲಿಗೇ ಸತ್ತಂಗೆ, ಹೋದ ಸಲ ಬೆರಳೆಣಿಕೆಯ ವೋಟಲ್ಲಿ ಸೋತ ಪೈಲ್ವಾನನ ನಾದಿನಿಯ ಕಡೆಯವರು ಕಾದ ಹೆಂಚಿನ ಹಾಗೆ ಕೂತಿದ್ದಾರೆ, ಮಾರ್ಕೆಟ್ಟಿನ ಹಮಾಲಿಗಳೆಲ್ಲ ಅದೇ ಕಡೆ. ಹಮಾಲಿಗಳಲ್ಲಿ ದೊಡ್ಡವನು ಕುರ್ಚಿ ಕೆಳಗಿಟ್ಟ, ಯಾರಮ್ಮ ಬಂದಿದ್ದೋರು, ಎಂದ. ಅವಳಿಗೆ ಅಳು ಒತ್ತರಿಸಿ ಬಂದಿತ್ತು, ತಿಂಗಳ ಆಸೆ ಮಣ್ಣಾಗಿತ್ತು, ಯಾರ ಮೇಲಾದರೂ ಹಾಕಬೇಕಿತ್ತು, ಬೆಳಗ್ಗೆ ಟೈಲರ್ ಬಂದಿದ್ದ, ಅಂದಳು. ಅಂದುಬಿಟ್ಟಳು. ಟೈಲರ್ ಎದುರು ಪಾರ್ಟಿಯ ಬಾವುಟ ಹೊಲಿದುಕೊಟ್ಟವನು, ಹೋದ ಸಲ ಮತಗಟ್ಟೆಯ ಹತ್ತಿರ ಅವರ ಮೇಜಿನಲ್ಲಿ ಕೂತವನು, ಎಲ್ಲರಿಗೂ ಗೊತ್ತು. ಅವಳು ಗಂಡನ ಮುಖ ನೋಡಿದಳು, ಅಲ್ಲ ಎನ್ನಲಿ ಎಂದಲ್ಲ, ಹೌದು ಎನ್ನಲಿ ಎಂದು ನೋಡಿದಳು, ಅವರು ಗೋಡೆ ಕಡೆ ತಿರುಗಿದರು. ಆ ತಿರುಗಿದ್ದನ್ನೇ ಹಮಾಲಿಗಳು ಹೌದು ಅಂದುಕೊಂಡರು, ದಡದಡ ಇಳಿದುಹೋದರು. ಮಸಿ ಹೋಗುತ್ತಾ ನೋಡೋಣ, ಹೋದರೆ ಈಗಲೂ ಕರೆದುಕೊಂಡು ಹೋಗಬಹುದಲ್ಲ, ಎಂದು ಥಿನ್ನರ್ ಬಾಟಲಿ ತೆಗೆದದ್ದು ಅವಳೇ, ಹೋಗುವುದಿಲ್ಲ ಎಂದು ಗೊತ್ತಿದ್ದೇ ತೆಗೆದದ್ದು.

ಹೋಯಿತು. ಪೂರ್ತಿ ಹೋಯಿತು. ಉಳಿದ ಬೆರಳುಗಳ ಗೆರೆಗಳಲ್ಲೆಲ್ಲ ನಂಬರುಗಳ ಬಣ್ಣ ಕೂತಿದೆ, ಇದೊಂದು ಮಾತ್ರ ಬೋಳು, ಬಿಳಿ, ನೀರಲ್ಲಿ ನೆನೆದ ಹಾಗೆ. ರೀ, ಅಂದಳು. ಅವರು ಬೆರಳನ್ನು ಮುಷ್ಟಿಯೊಳಗೆ ಎಳೆದುಕೊಂಡರು. ಹೆದರಿಕೆ ಆಯ್ತು ಕಣೇ, ಅಂದರು, ಇಳಿಯೋದು ನೆನೆಸ್ಕೊಂಡ್ರೆ ಆ ಏಣಿ, ಆ ಜನ, ಆ ನಗು ಕಣ್ಮುಂದೆ ಬಂದ್ಬಿಡ್ತು, ನಿನಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನನಗೆ ಸುಳ್ಳು ಹೇಳಿದಿರಿ, ಹೋಗಲಿ, ಅವರ ಮುಂದೆ ಯಾಕೆ ಸುಮ್ಮನಿದ್ದಿರಿ, ಟೈಲರ್ ಅಂದಾಗ ಯಾಕೆ ಸುಮ್ಮನಿದ್ದಿರಿ — ಕೇಳಿದಳೋ, ಮನಸ್ಸಲ್ಲೇ ಅಂದುಕೊಂಡಳೋ, ಮದುವೆಯಾಗಿ ಇಷ್ಟು ಕಾಲ, ಗೋಡೆಯ ಮೇಲೆ ಅಭ್ಯರ್ಥಿಯ ಮೂಗು ಒಂದು ಕೂದಲಷ್ಟು ಸೊಟ್ಟಗಾದರೂ ಅಳಿಸಿ ತಿದ್ದುತ್ತಿದ್ದ ಮನುಷ್ಯ, ಇವರೇನಾ, ಮತ್ತೆ ತಾನು, ಹೆಸರು ಹೇಳಿದವಳು ತಾನೇ ಅಲ್ಲವೇ, ನಾಲಿಗೆ ಕಚ್ಚಿಕೊಳ್ಳಬಾರದಿತ್ತೇ. ಕೆಳಗೆ ಏನೋ ಒಡೆದ ಸದ್ದು. ಬಟ್ಟೆ ಹಿಡಿದೇ ಎದ್ದಳು, ಬೇಡ ಕಣೇ, ಹೇಳಬೇಡ, ಬೆನ್ನ ಹಿಂದೆ ಅವರ ದನಿ, ಬಾಗಿಲು ದಾಟಿದಳು, ಕತ್ತಲ ಮೆಟ್ಟಿಲು, ಎರಡನೇ ಮಹಡಿಗೆ ಬರುವಾಗ ಟೈಲರನ ಬಾಗಿಲು ಹಾರುಹೊಡೆದಿದೆ, ಮಿಷನ್ನಿನ ಸೂಜಿಯ ಕೆಳಗೆ ಯಾರದೋ ತೋಳು ಅರ್ಧ ಹೊಲಿದು ನಿಂತಿದೆ. ಮೆಟ್ಟಿಲ ಕಟಕಟೆ ಹಿಡಿದು ಬಗ್ಗಿದಳು, ಕೆಳಗೆ ಬಾಗಿಲಲ್ಲಿ ತಲೆಗಳು, ನಡುವೆ ಅವನು, ತುಟಿ ಒಡೆದಿದೆ, ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಇವಳನ್ನು ನೋಡಿದ, ಅಕ್ಕಾ, ನೀನಾದ್ರೂ ಹೇಳಕ್ಕಾ. ಬಿಡ್ರೋ, ಅಂದಳು, ಎರಡನೇ ಸಲ ದನಿ ಬಂತು, ಬಿಡ್ರೋ ಅವನನ್ನ, ಅವನಲ್ಲ. ಗದ್ದಲ ಕುಸಿಯಿತು. ದೊಡ್ಡ ಹಮಾಲಿ ಅಂಗಿಯ ಹಿಡಿತ ಬಿಡದೆ ಮುಖ ಮೇಲೆತ್ತಿದ, ಅವನಲ್ದಿದ್ರೆ ಮತ್ಯಾರಮ್ಮ. ಮತ್ಯಾರು. ಬೀದಿಯಷ್ಟೂ ಕಣ್ಣು ಅವಳ ಬಾಯಿಗೆ ಬಂದು ಅಂಟಿಕೊಂಡಿತು, ಹೇಳಿದರೆ ಆ ಮನುಷ್ಯ ಇನ್ನು ಕಿಟಕಿಗೂ ಬರಲಾರರು, ಹೇಳದಿದ್ದರೆ ಆ ಅಂಗಿ ಮತ್ತೆ ಎಳೆಯುತ್ತಾರೆ, ಒಂದು ಹೆಸರಲ್ಲವೇ, ಆಗಷ್ಟೇ ಎಷ್ಟು ಸುಲಭಕ್ಕೆ ಬಂದಿತ್ತು ಇನ್ನೊಂದು, ಆಗ ಮೇಲೆ, ತಲೆಯ ಮೇಲೆ, ಏನೋ ತೆವಳಿದ ಸದ್ದು, ಬಟ್ಟೆ ನೆಲಕ್ಕೆ ಉಜ್ಜಿದ ಸದ್ದು, ಮೂಟೆಯೊಂದನ್ನು ಯಾರೋ ಮೆಲ್ಲಗೆ ಒಂದು ಮೆಟ್ಟಿಲು ಇಳಿಸಿದ ಹಾಗೆ, ಮತ್ತೆ ಒಂದು. ಹಮಾಲಿಯ ಕಣ್ಣು ಅವಳನ್ನು ದಾಟಿ ಮೇಲಕ್ಕೆ ಹೋಯಿತು. ಅವಳೂ ತಿರುಗಿದಳು. ಮೆಟ್ಟಿಲ ತಿರುವಿನಲ್ಲಿ ಮೈಯೆಲ್ಲ ಕತ್ತಲಲ್ಲಿದೆ, ಕೈ ಮಾತ್ರ ಬೆಳಕಿಗೆ ಬಂದಿದೆ, ಅಂಚು ತಡಕುತ್ತಿದೆ, ಬಣ್ಣ ಕೂತ ಬೆರಳುಗಳ ನಡುವೆ ಒಂದು, ಬೋಳು, ಬಿಳಿ, ಮೆಟ್ಟಿಲ ಅಂಚನ್ನು ಒತ್ತಿ ಹಿಡಿದ ಆ ಬೆರಳು, ಹಿಡಿತ ಬಿಡದೆ, ಆ ಬೆರಳು, ಒರೆಸಿದ ಆ ಬೆರಳು —